ನಾಯಿ, ಟ್ರೇಲರ್, ದೂರದ ಪ್ರಯಾಣ: ಮೂರಕ್ಕೂ ಒದಗುವ ಸೆಕೆಂಡ್ ಹ್ಯಾಂಡ್ ಕಾರು ಆರಿಸುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟವರು ಸಾಮಾನ್ಯವಾಗಿ ಕಂಪನಿ, ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ ಎಂಬುದರಿಂದ ಶುರು ಮಾಡುತ್ತಾರೆ. ನಾಯಿಗಳನ್ನು ಕೂರಿಸಿಕೊಂಡು, ಹಿಂದೆ ಟ್ರೇಲರ್ ಕಟ್ಟಿಕೊಂಡು, ದಿನಕ್ಕೆ ಐದಾರು ನೂರು ಕಿಲೋಮೀಟರ್ ಹೋಗುವವರಿಗೆ ಈ ಕ್ರಮ ಹೊಂದುವುದಿಲ್ಲ. ಅವರು ಕಾರನ್ನು ಹಿಂದಿನಿಂದ ಮುಂದಕ್ಕೆ ನೋಡಬೇಕು: ಮೊದಲು ಡಿಕ್ಕಿ, ಆಮೇಲೆ ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಹೊತ್ತ ಅಚ್ಚು) ಹೊರುವ ತೂಕ, ಆಮೇಲೆ ಗೇರ್‌ಬಾಕ್ಸ್, ಕಟ್ಟಕಡೆಗೆ ಬಾನೆಟ್ ಮೇಲಿನ ಹೆಸರು. ನಾಯಿ, ಅದು ಕೂರುವ ಪೆಟ್ಟಿಗೆ ಅಂದರೆ ಕ್ರೇಟ್, ಲಗೇಜು, ಟ್ರೇಲರ್ ಕೆಳಕ್ಕೆ ಒತ್ತುವ ಭಾರ, ಇವೆಲ್ಲ ಬಂದು ಕೂರುವುದು ಕಾರಿನ ಹಿಂಭಾಗದಲ್ಲೇ. ಒಂದಕ್ಕೆ ಕೊಟ್ಟ ಕಿಲೋ ಇನ್ನೊಂದಕ್ಕೆ ಸಿಗುವುದಿಲ್ಲ. ಡಿಕ್ಕಿ ಎಷ್ಟೇ ದೊಡ್ಡದಿದ್ದರೂ ಈ ಲೆಕ್ಕದಲ್ಲಿ ಸೋತರೆ ಆ ಕಾರು ನಿಮ್ಮದಲ್ಲ.

ಮೊದಲು ನಾಯಿಯನ್ನು ಅಳೆಯಿರಿ

ಅಳತೆ ಟೇಪು ಹಿಡಿದು ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ, ನಿಂತಾಗ ನೆಲದಿಂದ ನೆತ್ತಿಯವರೆಗಿನ ಎತ್ತರ, ಭುಜದ ಅಗಲ ಬರೆದುಕೊಳ್ಳಿ. ನಾಯಿ ಕ್ರೇಟಿನೊಳಗೆ ತಲೆ ತಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಹಾಗೆಂದು ವಿಪರೀತ ದೊಡ್ಡ ಕ್ರೇಟೂ ಒಳ್ಳೆಯದಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಖಾಲಿ ಜಾಗದಲ್ಲಿ ನಾಯಿ ಉರುಳಿ ಗೋಡೆಗೆ ಬಡಿಯುತ್ತದೆ. ಕಾರು ನೋಡಲು ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಕ್ರೇಟಿನ ಹೊರಗಿನ ಅಳತೆ.

ಕಂಪನಿಗಳು ಡಿಕ್ಕಿಯ ಜಾಗವನ್ನು ಲೀಟರುಗಳಲ್ಲಿ ಹೇಳುತ್ತವೆ. ಸೂಟ್‌ಕೇಸಿಗೆ ಆ ಸಂಖ್ಯೆ ಸಾಕು, ಕ್ರೇಟಿಗೆ ಸಾಲದು. 600 ಲೀಟರಿನ ಡಿಕ್ಕಿಯಲ್ಲೂ ಹಿಂದಿನ ಗಾಜು ಮುಂದಕ್ಕೆ ಬಾಗಿದ್ದರೆ 65 ಸೆಂಟಿಮೀಟರ್ ಎತ್ತರದ ಕ್ರೇಟ್ ಕೂರದೆ ಹೋಗಬಹುದು. ಆದ್ದರಿಂದ ನಾಲ್ಕು ಕಡೆ ಅಳೆಯಿರಿ: ನೆಲದ ಮಟ್ಟದಲ್ಲಿ ಉದ್ದ, ಸೀಟಿನ ಬೆನ್ನಿನ ಮೇಲ್ತುದಿಯ ಮಟ್ಟದಲ್ಲಿ ಉದ್ದ, ಚಕ್ರದ ಉಬ್ಬುಗಳ ನಡುವಿನ ಅಗಲ, ಬಾಗಿಲು ತೆರೆದಾಗ ಸಿಗುವ ಬಾಯಿಯ ಅಗಲ ಮತ್ತು ಎತ್ತರ. ಕೊನೆಯದನ್ನು ಮರೆಯುವವರೇ ಹೆಚ್ಚು. ಒಳಗೆ ಧಾರಾಳ ಜಾಗವಿದ್ದು ಬಾಯಿ ಕಿರಿದಾದ ಡಿಕ್ಕಿಗೆ ಕ್ರೇಟನ್ನು ಬಿಚ್ಚದೆ ತೂರಿಸಲಾಗುವುದಿಲ್ಲ. ಕ್ರೇಟಿನ ಅಳತೆಗೆ ರಟ್ಟಿನ ಪೆಟ್ಟಿಗೆಯೊಂದನ್ನು ಮಡಚಿಟ್ಟುಕೊಂಡು ಹೋದರೆ ಅರ್ಧ ನಿಮಿಷದಲ್ಲಿ ಅನುಮಾನ ಬಗೆಹರಿಯುತ್ತದೆ.

ಸಾಧ್ಯವಾದರೆ ನಾಯಿಯನ್ನೇ ಕರೆದೊಯ್ಯಿರಿ. ಅದು ಹತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿ. ಮುಂಗಾಲು ಡಿಕ್ಕಿಯ ಅಂಚಿಗೆ ಇಡುತ್ತದೆ, ಮೈ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಜಿಗಿದಾಗ ಹಿಂಗಾಲಿನ ಉಗುರು ಬಂಪರಿನ ಪ್ಲಾಸ್ಟಿಕ್ ಮೇಲೆ ಜಾರಿ ಗೀರಿದ ಸದ್ದು ಬರುತ್ತದೆ. ಎಳೆಯ ನಾಯಿ ಹೇಗೋ ಹತ್ತೀತು. ಏಳೆಂಟು ವರ್ಷ ದಾಟಿದ, ಸೊಂಟದ ಕೀಲು ಸವೆದ ನಾಯಿಗೆ ದಿನಕ್ಕೆ ನಾಲ್ಕು ಸಲ ಇದೇ ಜಿಗಿತ ಎಂದರೆ ಹಿಂಸೆ. ಇಳಿಯುವಾಗ ಅದರ ಇಡೀ ಮೈಭಾರ ಮುಂಗಾಲುಗಳ ಮೇಲೆ ಬೀಳುವುದು ಇನ್ನೂ ಕೆಟ್ಟದ್ದು. ಅಂಚು ನೆಲದಿಂದ 60 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಅನುಕೂಲ. 75 ದಾಟಿದರೆ ದೊಡ್ಡ ನಾಯಿಗೂ ರ‍್ಯಾಂಪ್ ಬೇಕು, ಆ ರ‍್ಯಾಂಪ್ ಇಡಲು ಮತ್ತೆ ಜಾಗ ಬೇಕು. ನಾಯಿಗೆ ಇಂದು ಎಷ್ಟು ವಯಸ್ಸು ಎಂಬುದಕ್ಕಿಂತ ಈ ಕಾರು ನಿಮ್ಮ ಬಳಿ ಇರುವಷ್ಟು ವರ್ಷದಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ.

ತೂಕದ ಲೆಕ್ಕ ಕಾಗದದ ಮೇಲೆ ಮುಗಿಯಲಿ

ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ಟಿನ ಕೆಳಗೋ ಕಂಪನಿ ಅಂಟಿಸಿದ ಫಲಕವಿರುತ್ತದೆ. ಯುರೋಪಿನ ಮಾದರಿಯ ಫಲಕದಲ್ಲಿ ನಾಲ್ಕು ತೂಕಗಳು ಒಂದರ ಕೆಳಗೊಂದು ಕಾಣುತ್ತವೆ: ಕಾರಿನ ಗರಿಷ್ಠ ಒಟ್ಟು ತೂಕ, ಕಾರು ಮತ್ತು ಟ್ರೇಲರ್ ಸೇರಿದ ಗರಿಷ್ಠ ತೂಕ, ಮುಂದಿನ ಆಕ್ಸಲ್ಲಿನ ಮಿತಿ, ಹಿಂದಿನ ಆಕ್ಸಲ್ಲಿನ ಮಿತಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಕಾರು ತುಂಬ ಸಾಮಾನಿದ್ದಾಗ ಎಷ್ಟು ಎಳೆಯಬಹುದು ಎಂಬುದು ಸಿಗುತ್ತದೆ. ಎರಡನೆಯ ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಅದು ಮೊದಲನೆಯದಕ್ಕೆ ಸಮನಾಗಿದ್ದರೆ, ಆ ಮಾಡೆಲ್ಲಿಗೆ ಎಳೆಯುವ ಅನುಮತಿಯೇ ಇಲ್ಲದಿರಬಹುದು. ಮ್ಯಾನುಯಲ್ ನೋಡದೆ ಮುಂದುವರಿಯಬೇಡಿ. ಒಂದೇ ಮಾಡೆಲ್ಲಿನಲ್ಲಿ ಎಂಜಿನ್ ಬದಲಾದರೆ, ಗೇರ್‌ಬಾಕ್ಸ್ ಬದಲಾದರೆ ಈ ಮಿತಿಯೂ ಬದಲಾಗುತ್ತದೆ. ಹಾಗಾಗಿ ಅಂಥದೇ ಕಾರಿರುವ ಬೇರೆಯವರ ಮಾತು ಸಾಲದು, ಎದುರಿಗಿರುವ ಕಾರಿನ ಫಲಕವೇ ಪ್ರಮಾಣ.

ಒಂದು ಉದಾಹರಣೆ. ಗರಿಷ್ಠ ಒಟ್ಟು ತೂಕ 2,150 ಕಿಲೋ, ಖಾಲಿ ಕಾರು 1,600 ಕಿಲೋ ಎಂದಿಟ್ಟುಕೊಳ್ಳಿ. ಹೊರಬಹುದಾದದ್ದು 550. ಇದರಲ್ಲಿ ಇಬ್ಬರು ದೊಡ್ಡವರು 150, ತಲಾ 30 ಕಿಲೋದ ಎರಡು ನಾಯಿ 60, ಎರಡು ಗಟ್ಟಿ ಕ್ರೇಟ್ 40, ಲಗೇಜು 60, ನೀರು ಮತ್ತು ನಾಯಿಗಳ ಆಹಾರ 20, ಹೊಸದಾಗಿ ಹಾಕಿಸಿದ ಟೋ ಬಾರ್ (ಟ್ರೇಲರ್ ಕಟ್ಟಲು ಕಾರಿನ ಹಿಂದೆ ಕೂರಿಸುವ ಲೋಹದ ತೊಲೆ) 25, ಟ್ರೇಲರ್ ಕೊಂಡಿಯ ಮೇಲೆ ಒತ್ತುವ ಭಾರ 75. ಒಟ್ಟು 430 ಆಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಸೇರಿದರೆ ಉಳಿಯುವುದು ಮುಷ್ಟಿಯಷ್ಟು. ಏಳು ಸೀಟಿನ ಎಷ್ಟೋ ಕಾರುಗಳು ಸೋಲುವುದು ಇಲ್ಲೇ. ಅವುಗಳ ಸ್ವಂತ ತೂಕವೇ ಜಾಸ್ತಿ.

ಖಾಲಿ ತೂಕದ ಅಂಕಿಯಲ್ಲಿ ಚಾಲಕನನ್ನು ಸೇರಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಯುರೋಪಿನ ದಾಖಲೆಗಳಲ್ಲಿ 75 ಕಿಲೋದ ಚಾಲಕನೂ ಸೇರಿರುತ್ತಾನೆ.

ಹಿಂದಿನ ಆಕ್ಸಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಕೊಂಡಿ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ, ಸುಮಾರು ಒಂದು ಮೀಟರ್ ಆಚೆ. ಅಲ್ಲಿ 75 ಕಿಲೋ ಒತ್ತಿದರೆ ಹಿಂದಿನ ಆಕ್ಸಲ್ಲಿಗೆ ಬೀಳುವುದು 100 ಕಿಲೋಗೂ ಹೆಚ್ಚು, ಏಕೆಂದರೆ ಮುಂಭಾಗ ಅಷ್ಟರಮಟ್ಟಿಗೆ ಮೇಲೇಳುತ್ತದೆ. ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರುವುದು ಅಪರೂಪವೇನಲ್ಲ.

ಎಳೆಯುವ ಶಕ್ತಿಯನ್ನು ಓದುವ ಬಗೆ

ಟ್ರೇಲರಿಗೆ ಸ್ವಂತ ಬ್ರೇಕ್ ಇದ್ದರೆ ಒಂದು ಮಿತಿ, ಇಲ್ಲದಿದ್ದರೆ ಬೇರೆ ಮಿತಿ. ಬ್ರೇಕ್ ಇಲ್ಲದ ಟ್ರೇಲರಿಗೆ ಬಹಳ ಕಡೆ 750 ಕಿಲೋ ಮೇಲ್ಮಿತಿ, ಚಿಕ್ಕ ಕಾರುಗಳಿಗೆ ಅದಕ್ಕಿಂತಲೂ ಕಡಿಮೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಬ್ರೇಕ್ ಇರುವ ಟ್ರೇಲರಿನ ಅಂಕಿ.

ಆ ಅಂಕಿ ಬರುವುದು ಹೇಗೆಂದು ತಿಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದೂ ತಿಳಿಯುತ್ತದೆ. ಯುರೋಪಿನ ನಿಯಮದಂತೆ ಕಾರು ಟ್ರೇಲರ್ ಸಮೇತ ಶೇಕಡಾ 12ರ ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತಲ್ಲಿಂದ ಹೊರಡಬೇಕು. ಅಮೆರಿಕದ ಎಸ್‌ಎಇ ಜೆ2807 ಮಾನದಂಡ ಇನ್ನೂ ಕಠಿಣ. ಅದರಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಬಿರುಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತುವ ಪರೀಕ್ಷೆ ಇದೆ. ಇವೆಲ್ಲ ಹೊಸ ಕಾರು ದಾಟಿದ ಪರೀಕ್ಷೆಗಳು. ಲಕ್ಷಾಂತರ ಕಿಲೋಮೀಟರ್ ಓಡಿ ಕ್ಲಚ್ ಸವೆದ, ರೇಡಿಯೇಟರ್ ಅರ್ಧ ಕಟ್ಟಿಕೊಂಡ ಕಾರಿಗೆ ಅದೇ ಅಂಕಿ ಅನ್ವಯಿಸುವುದಿಲ್ಲ. ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಿಂದ 1,000 ಮೀಟರ್ ಮೇಲೇರಿದಾಗಲೆಲ್ಲ ಸುಮಾರು ಶೇಕಡಾ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಹಳೆಯ ಕಾರಾದರೆ ನಾನು ಹೇಳುವುದಿಷ್ಟು: ಕಂಪನಿ ಹೇಳಿದ ಮಿತಿಯ ಮುಕ್ಕಾಲು ಭಾಗದೊಳಗೇ ಕೆಲಸ ಮುಗಿಯುವಂಥದ್ದನ್ನು ಕೊಳ್ಳಿ. ಕ್ಯಾರವಾನ್ ಎಳೆಯುವವರ ವಲಯದಲ್ಲಿ ಚಾಲ್ತಿಯಲ್ಲಿರುವ ಇನ್ನೊಂದು ಲೆಕ್ಕವೂ ಒಳ್ಳೆಯದೇ. ತುಂಬಿದ ಟ್ರೇಲರ್ ಕಾರಿನ ಖಾಲಿ ತೂಕದ ಶೇಕಡಾ 85ನ್ನು ಮೀರಬಾರದು, ಅದರಲ್ಲೂ ಹೊಸದಾಗಿ ಎಳೆಯಲು ಕಲಿಯುವವರಿಗೆ. ಇದು ಕಾನೂನಲ್ಲ, ಆದರೆ ಟ್ರೇಲರ್ ಕಾರನ್ನು ಅಲ್ಲಾಡಿಸದಂತೆ ಕಾಯುವ ಲೆಕ್ಕ. 1,600 ಕಿಲೋದ ಕಾರಿಗೆ 1,360 ಕಿಲೋ. ಕೊಂಡಿಯ ಮೇಲಿನ ಭಾರ ತೀರ ಕಡಿಮೆಯಾದರೂ ಟ್ರೇಲರ್ ಬಾಲ ಬೀಸತೊಡಗುತ್ತದೆ. ಯುರೋಪಿನ ಶೈಲಿಯ ಟ್ರೇಲರುಗಳಿಗೆ ಒಟ್ಟು ತೂಕದ ಶೇಕಡಾ 5ರಿಂದ 7, ಅಮೆರಿಕದ ಶೈಲಿಯವಕ್ಕೆ 10ರಿಂದ 15 ರೂಢಿ. ಹೀಗಾಗಿ ಒಂದು ಕಡೆಯ ಕಾರಿನ ಅಂಕಿಯನ್ನು ಇನ್ನೊಂದು ಕಡೆಯ ಟ್ರೇಲರಿಗೆ ಹೊಂದಿಸಬೇಡಿ.

ಯಾವ ಮೈಕಟ್ಟು?

ಸೆಡಾನ್ ಬೇಡ. ಮುಚ್ಚಿದ ಡಿಕ್ಕಿಯಲ್ಲಿ ನಾಯಿಯನ್ನು ಒಂದು ಕ್ಷಣವೂ ಇಡಕೂಡದು. ಪಿಕಪ್‌ನ ತೆರೆದ ತೊಟ್ಟಿಯೂ ಅಷ್ಟೇ. ನಾಲ್ಕು ಬಾಗಿಲಿನ ಪಿಕಪ್ ಇದ್ದು ನಾಯಿ ಒಳಗಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರುವುದಾದರೆ ಸರಿ.

ಉಳಿದವುಗಳಲ್ಲಿ ನನ್ನ ಮೊದಲ ಆಯ್ಕೆ ಎಸ್ಟೇಟ್, ಅಂದರೆ ಸ್ಟೇಷನ್ ವ್ಯಾಗನ್. ಡಿಕ್ಕಿಯ ಅಂಚು ತಗ್ಗು, ನೆಲ ಉದ್ದ, ಕಾರಿನ ಭಾರ ರಸ್ತೆಗೆ ಹತ್ತಿರ. ಹಾಗಾಗಿ ಟ್ರೇಲರ್ ಎಳೆಯುವಾಗ ಸ್ಥಿರ, ದೂರದ ಓಟಕ್ಕೂ ಮಿತವ್ಯಯ. ಎತ್ತರದ ನಾಯಿಗೆ ಮಾತ್ರ ಛಾವಣಿ ತಗ್ಗಾಗಬಹುದು. ಎಸ್‌ಯುವಿ ಹೆಚ್ಚು ಭಾರ ಎಳೆಯುತ್ತದೆ, ಕೆಸರಿನ ಹೊಲದಿಂದ ಟ್ರೇಲರ್ ಹೊರತೆಗೆಯಲು ನಾಲ್ಕೂ ಚಕ್ರದ ಎಳೆತ ಬೇಕೇ ಬೇಕು ಎನ್ನುವವರಿಗೆ ಬೇರೆ ದಾರಿಯಿಲ್ಲ. ಆದರೆ ನೆಲ ಎತ್ತರ, ಚಕ್ರದ ಉಬ್ಬು ದೊಡ್ಡದು, ಹೊಸ ವಿನ್ಯಾಸಗಳಲ್ಲಿ ಹಿಂದಿನ ಗಾಜು ವಿಪರೀತ ಬಾಗಿರುತ್ತದೆ. ಎರಡಕ್ಕಿಂತ ಹೆಚ್ಚು ದೊಡ್ಡ ನಾಯಿಗಳಿದ್ದರೆ ಎಂಪಿವಿ (ಹೆಚ್ಚು ಜನ ಕೂರುವ, ಎತ್ತರ ಛಾವಣಿಯ ಕುಟುಂಬದ ಕಾರು) ಅಥವಾ ಕಿಟಕಿ ಇರುವ ವ್ಯಾನ್ ನೋಡಿ. ಛಾವಣಿ ನೆಟ್ಟಗೆ, ಬಾಯಿ ಚೌಕ. ಜಾರುಬಾಗಿಲಿದ್ದರೆ ಟ್ರೇಲರ್ ಕಟ್ಟಿ ಹಿಂಬಾಗಿಲು ತೆರೆಯಲಾಗದಾಗಲೂ ನಾಯಿಗಳನ್ನು ಪಕ್ಕದಿಂದ ಇಳಿಸಬಹುದು. ಈ ಕೊನೆಯ ಅಂಶ ಸಣ್ಣದಲ್ಲ. ಬಹಳ ಕಾರುಗಳಲ್ಲಿ ಟ್ರೇಲರಿನ ಮುಂದಿನ ಚಕ್ರ, ಕೈ ಬ್ರೇಕಿನ ಹಿಡಿ ಅಡ್ಡ ಬಂದು ಡಿಕ್ಕಿ ಅರ್ಧವೇ ತೆರೆದುಕೊಳ್ಳುತ್ತದೆ. ಬೆಂಕಿ ಬಿದ್ದರೆ, ಅಪಘಾತವಾದರೆ ನಾಯಿಯನ್ನು ಹೊರತೆಗೆಯಲು ಎರಡನೆಯ ದಾರಿ ಇರಲೇಬೇಕು.

ಎಂಜಿನ್ ಮತ್ತು ಗೇರ್‌ಬಾಕ್ಸ್

ಎಳೆಯಲು ಬೇಕಾದದ್ದು ಕಡಿಮೆ ಸುತ್ತಿನಲ್ಲೇ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಡೀಸೆಲ್ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅದು ಸಿಗುವುದು ಎಡೆಬಿಡದ ಓಟದಲ್ಲಿ. ದಿನಾ ಮೂರು ಕಿಲೋಮೀಟರ್ ಓಡಿ ನಿಂತ, ಮೀಟರಿನಲ್ಲಿ ಕಡಿಮೆ ತೋರಿಸುವ ಡೀಸೆಲ್ ಕಾರಿಗಿಂತ, ಹೆದ್ದಾರಿಯಲ್ಲೇ ಓಡಿ ಅದರ ಎರಡು ಪಟ್ಟು ಕಿಲೋಮೀಟರ್ ತೋರಿಸುವ ಕಾರು ಎಷ್ಟೋ ಸಲ ಆರೋಗ್ಯವಾಗಿರುತ್ತದೆ. ಟರ್ಬೊ ಪೆಟ್ರೋಲ್ ಕೂಡ ಎಳೆಯುತ್ತದೆ, ಕುಡಿಯುವುದು ಜಾಸ್ತಿ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಕೆಲವಕ್ಕೆ ಎಳೆಯುವ ಅನುಮತಿಯೇ ಇಲ್ಲ, ಕೆಲವಕ್ಕೆ ಧಾರಾಳವಾಗಿದೆ. ಎತ್ತರದ ಟ್ರೇಲರ್ ಕಟ್ಟಿದ ವಿದ್ಯುತ್ ಕಾರಿನ ಓಟ ಅರ್ಧಕ್ಕೆ ಇಳಿಯಬಹುದು ಎಂದುಕೊಂಡೇ ಯೋಜಿಸಿ.

ಗೇರ್‌ಬಾಕ್ಸಿನಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ಎಳೆಯುವವರಿಗೆ ಸುಖ. ಏರಿನಲ್ಲಿ ಇಂಚಿಂಚಾಗಿ ಹಿಂದಕ್ಕೆ ಸರಿಯುವಾಗ ಸುಡಲು ಅಲ್ಲಿ ಕ್ಲಚ್ ಇಲ್ಲ. ಒಣ ಕ್ಲಚ್ಚಿನ ಡಿಸಿಟಿಗಳು, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್‌ಗಳು, ಅಂಥ ಕೆಲಸದಲ್ಲಿ ಬೇಗ ಬಿಸಿಯಾಗುತ್ತವೆ. ಸಿವಿಟಿ (ಮೆಟ್ಟಿಲಿನಂಥ ಗೇರುಗಳಿಲ್ಲದ ಆಟೊಮ್ಯಾಟಿಕ್) ಇರುವ ಬಹಳ ಕಾರುಗಳ ಎಳೆಯುವ ಮಿತಿಯೇ ಕಡಿಮೆ. ಆಟೊಮ್ಯಾಟಿಕ್ ಕೊಳ್ಳುವುದಾದರೆ ಗೇರ್ ಆಯಿಲ್ ಬದಲಿಸಿದ ದಾಖಲೆ ಕೇಳಿ. ‘ಜೀವನಪೂರ್ತಿ ಬದಲಿಸಬೇಕಿಲ್ಲ’ ಎಂಬ ಮಾತಿಗೆ ಕಿವಿಗೊಡಬೇಡಿ. ಎಷ್ಟೋ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ. ಭಾರ ಎಳೆದ ಗಾಡಿಗೆ ಅದಕ್ಕೂ ಮೊದಲೇ ಬೇಕು.

ಕಾರು ಎದುರಿಗಿದ್ದಾಗ

ಬೆಳಕಿದ್ದಾಗ, ಮಳೆಯಿಲ್ಲದಾಗ, ಎಂಜಿನ್ ತಣ್ಣಗಿರುವಾಗ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣನೆಯ ಎಂಜಿನ್ನಿನ ಮೊದಲ ಹತ್ತು ಸೆಕೆಂಡಿನ ಸದ್ದು, ನೀಲಿ ಹೊಗೆ, ಚೈನಿನ ಕಟಕಟ ಎಲ್ಲವೂ ಆಗ ಮುಚ್ಚಿಹೋಗುತ್ತವೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡುವುದೇ ಲೇಸು.

ಮೊದಲು ಹಿಂದಕ್ಕೆ ಹೋಗಿ ಮಂಡಿಯೂರಿ. ಟೋ ಬಾರಿನ ಗುಂಡಿನ ಮೇಲೆ ಬಣ್ಣ ಹಾಗೇ ಇದೆಯೇ, ಲೋಹ ಸವೆದು ಹೊಳೆಯುತ್ತಿದೆಯೇ? 50 ಮಿಲಿಮೀಟರಿನ ಗುಂಡು ಸವೆದು 49ಕ್ಕೆ ಬಂದಿದ್ದರೆ ಅದನ್ನು ಬದಲಿಸಲೇಬೇಕು. ಜತೆಗೆ, ಈ ಕಾರು ಬಹಳ ಎಳೆದಿದೆ ಎಂದೂ ಅದು ಸಾರುತ್ತದೆ. ಅಮೆರಿಕದ ಎರಡಿಂಚಿನ ಗುಂಡು 50.8 ಮಿಲಿಮೀಟರ್. ನೋಡಲು ಒಂದೇ, ಆದರೆ ಅದಕ್ಕೆಂದು ಮಾಡಿದ ಕೊಂಡಿ 50 ಮಿಲಿಮೀಟರಿನ ಗುಂಡಿಗೆ ಸಡಿಲ. ಕೆಳಗೆ ಬಗ್ಗಿ ಟೋ ಬಾರ್ ಚಾಸಿಗೆ ಸೇರುವ ಬೋಲ್ಟುಗಳ ಸುತ್ತ ತುಕ್ಕು, ಬಿರುಕು, ಹೊಸ ವೆಲ್ಡಿಂಗ್ ಇದೆಯೇ ನೋಡಿ. ಟ್ರೇಲರಿನ ದೀಪಗಳಿಗೆ ವಿದ್ಯುತ್ ಕೊಡುವ ಸಾಕೆಟ್ಟಿನ ಮುಚ್ಚಳ ತೆಗೆದು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಪರೀಕ್ಷಿಸಿ. 7 ಪಿನ್ನಿನದೋ 13 ಪಿನ್ನಿನದೋ ನಿಮ್ಮ ಟ್ರೇಲರಿಗೆ ಹೊಂದಬೇಕು. ಕಂಪನಿಯಿಂದಲೇ ಬಂದ ಟೋ ಬಾರಾದರೆ ಟ್ರೇಲರ್ ಅಲ್ಲಾಡಿದಾಗ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಕೆಲವು ಮಾಡೆಲ್ಲುಗಳಲ್ಲಿ ಜತೆಗೇ ಬರುತ್ತದೆ. ಹೊರಗೆ ಹಾಕಿಸಿದ್ದರೆ ಅದು ಇದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಟೋ ಬಾರ್ ಇಲ್ಲ ಎಂದ ಮಾತ್ರಕ್ಕೆ ಎಳೆದೇ ಇಲ್ಲ ಎನ್ನುವಂತಿಲ್ಲ, ಮಾರುವ ಮುನ್ನ ಬಿಚ್ಚಿರಬಹುದು. ಬಂಪರಿನ ಕೆಳಗೆ ಕತ್ತರಿಸಿದ ಗುರುತು, ಚಾಸಿಯಲ್ಲಿ ಖಾಲಿ ಬೋಲ್ಟ್ ತೂತು ಹುಡುಕಿ. ಎಳೆದ ಕಾರು ಎಂದರೆ ಕೆಟ್ಟ ಕಾರು ಎಂದರ್ಥವಲ್ಲ. ಸರ್ವಿಸ್ ದಾಖಲೆಯಲ್ಲಿ ಆಯಿಲ್, ಕ್ಲಚ್, ಬ್ರೇಕ್ ಡಿಸ್ಕುಗಳ ಲೆಕ್ಕ ಚೊಕ್ಕವಾಗಿದ್ದರೆ, ಮುಚ್ಚಿಟ್ಟು ಮಾರುವವನ ಕಾರಿಗಿಂತ ಇದೇ ಮೇಲು.

ಕಾರಿನ ಪಕ್ಕಕ್ಕೆ ಹತ್ತು ಹೆಜ್ಜೆ ಸರಿದು ನಿಂತು ನೋಡಿ. ಖಾಲಿ ಇದ್ದಾಗಲೇ ಹಿಂಭಾಗ ಕುಸಿದಂತಿದ್ದರೆ ಸ್ಪ್ರಿಂಗು ಸೋತಿದೆ. ಹಿಂದಿನ ಶಾಕ್ ಅಬ್ಸಾರ್ಬರುಗಳ ಮೇಲೆ ಎಣ್ಣೆ ಜಿನುಗಿದೆಯೇ ನೋಡಿ. ಭಾರಕ್ಕೆ ತಕ್ಕಂತೆ ತಾನೇ ಎತ್ತರ ಸರಿಮಾಡಿಕೊಳ್ಳುವ ಸಸ್ಪೆನ್ಷನ್ ಇದ್ದರೆ ಈ ಕೆಲಸಕ್ಕೆ ವರ, ಕೆಟ್ಟರೆ ಭಾರಿ ಖರ್ಚು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ದಿನಾಂಕವಿರುತ್ತದೆ: 2319 ಎಂದರೆ 2019ರ 23ನೇ ವಾರ. ಅಳತೆಯ ಪಕ್ಕದ ಸಂಖ್ಯೆ ಟೈರು ಹೊರುವ ಭಾರ ಹೇಳುತ್ತದೆ. 91 ಎಂದರೆ 615 ಕಿಲೋ, 95 ಎಂದರೆ 690. ಹಿಂದಿನ ಮಾಲೀಕರು ಅಗ್ಗಕ್ಕೆಂದು ಕಡಿಮೆ ಸಂಖ್ಯೆಯ ಟೈರು ಹಾಕಿಸಿದ್ದರೆ ಕಾರಿನ ಹೊರುವ ಶಕ್ತಿಯೇ ಕುಗ್ಗಿದೆ.

ಉಳಿದದ್ದು ಎಲ್ಲ ಹಳೆಯ ಕಾರಿಗೂ ಅನ್ವಯಿಸುವಂಥದ್ದು: ಚಾಸಿ ನಂಬರ್ ದಾಖಲೆಗೆ ತಾಳೆಯಾಗಬೇಕು, ಬಾಗಿಲುಗಳ ಸಂದು ಎರಡೂ ಕಡೆ ಸಮವಿರಬೇಕು, ಕೂಲಂಟಿನಲ್ಲಿ ಎಣ್ಣೆ ತೇಲಬಾರದು, ಟೈಮಿಂಗ್ ಬೆಲ್ಟ್ ಬದಲಿಸಿದ್ದು ಯಾವಾಗ ಎಂಬುದಕ್ಕೆ ಬಿಲ್ಲು ಇರಬೇಕು. ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ದೋಷಗಳನ್ನು ಓದುವ ಉಪಕರಣ) ಹಾಕಿದಾಗ ದೋಷದ ಕೋಡು ಇಲ್ಲವೆಂದು ಖುಷಿಪಡಬೇಡಿ, ಸ್ವಪರೀಕ್ಷೆಗಳ ಸಾಲಿನಲ್ಲಿ ‘ಸಿದ್ಧವಿಲ್ಲ’ ಎಂದು ಹಲವು ಕಂಡರೆ ಈಚೆಗಷ್ಟೇ ಕೋಡುಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಎಂದರ್ಥ.

ಓಡಿಸಿ ನೋಡುವಾಗ

ಹತ್ತು ನಿಮಿಷದ ಸುತ್ತಿಗೆ ಒಪ್ಪಬೇಡಿ. ಕನಿಷ್ಠ ಮುಕ್ಕಾಲು ಗಂಟೆ ಬೇಕು, ಅದರಲ್ಲಿ ಹೆದ್ದಾರಿಯೂ ಏರೂ ಇರಬೇಕು. ಮ್ಯಾನುಯಲ್ ಗೇರ್‌ಬಾಕ್ಸಿನ ಕಾರಾದರೆ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ನೋಡಿ, ಅಲ್ಲಿಂದಲೇ ಹಿಂದಕ್ಕೆ ಹತ್ತಿಸಿ. ಎಂಜಿನ್ ಆರಿಸುವಾಗ ಗಡಗಡ ಸದ್ದು ಬಂದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರು ತಗ್ಗಿಸುವ, ಕ್ಲಚ್ಚಿನ ಪಕ್ಕದ ಭಾರದ ಚಕ್ರ) ಸವೆದಿರಬಹುದು, ಅದು ದುಬಾರಿ ರಿಪೇರಿ. ಆಟೊಮ್ಯಾಟಿಕ್ ಬಿಸಿಯಾದ ಮೇಲೆ ಗೇರ್ ಬದಲಿಸುವಾಗ ಜಗ್ಗಿದರೆ ಅಥವಾ ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ.

ಆಮೇಲೆ ಗೆಳೆಯರೊಬ್ಬರಿಗೆ ಸ್ಟೀರಿಂಗ್ ಕೊಟ್ಟು ನೀವು ಹಿಂದಿನ ಸೀಟಿಗೆ ಹೋಗಿ. ನಾಯಿಗೆ ತಲುಪುವ ಗಾಳಿ, ಸದ್ದು ಎಷ್ಟೆಂದು ಅಲ್ಲಿಂದಲೇ ತಿಳಿಯಬೇಕು. ಬಹುತೇಕ ಕಾರುಗಳ ಡಿಕ್ಕಿಯಲ್ಲಿ ಏಸಿ ಕಿಂಡಿಯೇ ಇರುವುದಿಲ್ಲ. ಕ್ರೇಟ್ ಬರುವ ಜಾಗದಲ್ಲಿ ಸಣ್ಣ ಥರ್ಮಾಮೀಟರ್ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಮುಂದೆ 23 ಡಿಗ್ರಿ ಇದ್ದು ಹಿಂದೆ 30 ಇದ್ದರೆ ದೂರದ ಪ್ರಯಾಣಕ್ಕೆ ಆಗದು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ಸುತ್ತಲಿನ ಗಾಳಿ ಬಿಸಿಯಾದಷ್ಟೂ ಅದು ಕೈಕೊಡುತ್ತದೆ. ಅದರ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಆಸುಪಾಸು, 41 ದಾಟಿದರೆ ಜೀವಕ್ಕೇ ಕುತ್ತು. ನಿಂತ ಕಾರಿನಲ್ಲಂತೂ ಬಿಟ್ಟು ಹೋಗುವ ಮಾತೇ ಬೇಡ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗಿನ ಬಿಸಿ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು, ಅದರ ಶೇಕಡಾ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ. ಗಾಜು ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಿರಲಿಲ್ಲ.

ಕ್ರೇಟ್ ಕಟ್ಟಲು ಡಿಕ್ಕಿಯ ನೆಲದಲ್ಲಿ ಲೋಹದ ಕೊಂಡಿಗಳಿವೆಯೇ ಎಂದೂ ಎಳೆದು ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ನಿಂತಾಗ, 30 ಕಿಲೋದ ನಾಯಿಯನ್ನು ಅರ್ಧ ಮೀಟರಿನಲ್ಲಿ ತಡೆದು ನಿಲ್ಲಿಸಲು ಸುಮಾರು 600 ಕಿಲೋ ಭಾರದಷ್ಟು ಬಲ ಬೇಕು. ಪ್ಲಾಸ್ಟಿಕ್ ಕೊಕ್ಕೆ ಅದಕ್ಕೆ ತಡೆಯುವುದಿಲ್ಲ.

ಕೊಂಡ ಮೇಲೆ

ಮೊದಲ ವಾರವೇ ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್, ಏಸಿಯ ಫಿಲ್ಟರ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಳೆಯದಾದರೆ ಘಾಟಿಯ ಇಳಿಜಾರಿನಲ್ಲಿ ಟ್ರೇಲರ್ ತಳ್ಳುತ್ತಿರುವಾಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಟೈರಿಗೆ ಮ್ಯಾನುಯಲ್ಲಿನಲ್ಲಿ ಪೂರ್ಣ ಭಾರಕ್ಕೆ ಹೇಳಿರುವ ಗಾಳಿಯೇ ಇರಲಿ. ನಾಯಿಯನ್ನು ಮೊದಲು ನಿಂತ ಕಾರಿನ ಕ್ರೇಟಿನಲ್ಲಿ ಊಟ ಕೊಟ್ಟು, ಆಮೇಲೆ ಹತ್ತು ನಿಮಿಷದ ಓಡಾಟಕ್ಕೆ, ಆಮೇಲೆ ಗಂಟೆಯ ಪ್ರಯಾಣಕ್ಕೆ ರೂಢಿ ಮಾಡಿಸಿ.

ಮೊದಲ ದೊಡ್ಡ ಪ್ರಯಾಣಕ್ಕೆ ಮುಂಚೆ ನಾಯಿ, ಜನ, ಸಾಮಾನು, ಟ್ರೇಲರ್ ಎಲ್ಲವನ್ನೂ ತುಂಬಿಕೊಂಡು ವೇಬ್ರಿಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನು, ಆಮೇಲೆ ಹಿಂದಿನವನ್ನು, ಕೊನೆಗೆ ಟ್ರೇಲರನ್ನು ಬೇರೆಬೇರೆಯಾಗಿ ತೂಗಿಸಿ, ಬಾಗಿಲ ಫಲಕದ ಅಂಕಿಗಳ ಪಕ್ಕದಲ್ಲಿ ಬರೆದಿಡಿ. ಹಿಂದಿನ ಆಕ್ಸಲ್ ಮಿತಿ ಮೀರಿದ್ದರೆ ಭಾರದ ಸಾಮಾನನ್ನು ಡಿಕ್ಕಿಯಿಂದ ತೆಗೆದು ಟ್ರೇಲರಿನ ಆಕ್ಸಲ್ಲಿನ ನೇರಕ್ಕೆ ಇಟ್ಟು ಮತ್ತೆ ತೂಗಿಸಿ.